‘ಕುಡ್ ಕೇರ್ ಲೆಸ್’, ‘ಕುಡಂಟ್ ಕೇರ್ ಲೆಸ್’: ನಾಟ್ ಇದ್ದರೂ ಇಲ್ಲದಿದ್ದರೂ ಅರ್ಥ ಒಂದೇ ಯಾಕೆ?

ಪಿಎಸ್‌ಸಿ ಪರೀಕ್ಷೆಗೆ ಓದುವ ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳು ಕೇಳುತ್ತಾರೆ. ದುಬೈ, ಶಾರ್ಜಾದ ಆಫೀಸುಗಳಲ್ಲಿ ಅಮೆರಿಕದವರ ಜೊತೆ ದಿನವೂ ಮೇಲ್ ಬರೆಯುವ ನಮ್ಮ ಕಾಸರಗೋಡು ಜಿಲ್ಲೆಯವರು ಕೇಳುತ್ತಾರೆ. ಇಂಗ್ಲಿಷ್ ಸೀರೀಸ್ ನೋಡುತ್ತಾ ಸಬ್‌ಟೈಟಲ್ ಓದುವವರೂ ಕೇಳುತ್ತಾರೆ. ಪ್ರಶ್ನೆ ಇಷ್ಟೇ: ಒಬ್ಬ ‘ಐ ಕುಡಂಟ್ ಕೇರ್ ಲೆಸ್’ ಅನ್ನುತ್ತಾನೆ, ಇನ್ನೊಬ್ಬ ‘ಐ ಕುಡ್ ಕೇರ್ ಲೆಸ್’ ಅನ್ನುತ್ತಾನೆ. ಇಬ್ಬರೂ ಹೇಳುತ್ತಿರುವುದು ‘ಅದರ ಗೊಡವೆ ನನಗಿಲ್ಲ’ ಎಂದೇ. ಒಂದರಲ್ಲಿ ನಾಟ್ ಇದೆ, ಇನ್ನೊಂದರಲ್ಲಿ ಇಲ್ಲ. ಹಾಗಾದರೆ ಅರ್ಥ ತಿರುಗುಮುರುಗಾಗಬೇಕಲ್ಲ? ಯಾವುದು ಸರಿ, ನಾವು ಯಾವುದನ್ನು ಬರೆಯಬೇಕು?

ಅವಸರದಲ್ಲಿರುವವರಿಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಬರೆಯುವಾಗ ‘ಕುಡಂಟ್’ ಇರುವುದನ್ನೇ ಬರೆಯಿರಿ. ‘ಕುಡ್’ ಕಿವಿಗೆ ಬಿದ್ದರೆ ಅದನ್ನೂ ಅದೇ ಅರ್ಥದಲ್ಲಿ ತೆಗೆದುಕೊಳ್ಳಿ, ತಿದ್ದಲು ಹೋಗಬೇಡಿ. ಆದರೆ ಇಂಗ್ಲಿಷಿನಲ್ಲಿ ಇಂಥ ಮಾತುಗಳು ಇದೊಂದೇ ಅಲ್ಲ. ನಾಟ್ ಸೇರಿಸಿದರೂ ತೆಗೆದರೂ ಅರ್ಥ ಅಲ್ಲಾಡದ ಮಾತುಗಳು ಸಾಕಷ್ಟಿವೆ, ಒಂದೊಂದಕ್ಕೆ ಕಾರಣ ಒಂದೊಂದು. ಕಾರಣ ಗೊತ್ತಿಲ್ಲದೆ ಎಲ್ಲವನ್ನೂ ‘ಇಂಗ್ಲಿಷ್ ಹಾಗೇ’ ಎಂದು ಬಾಯಿಪಾಠ ಮಾಡಿದರೆ, ನಾಟ್ ನಿಜವಾಗಿ ಅರ್ಥ ತಿರುಗಿಸುವ ಕಡೆ ಪೆಟ್ಟು ಬೀಳುತ್ತದೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುವುದೇ ಒಳ್ಳೆಯದು.

ಮೊದಲು ಕೇಳಿದ ಮಾತನ್ನೇ ನೋಡೋಣ. ‘ಐ ಕುಡಂಟ್ ಕೇರ್ ಲೆಸ್’ ಎಂಬುದರ ಲೆಕ್ಕ ಸರಳ. ನನಗಿರುವ ಕಾಳಜಿ ಎಷ್ಟು ಕೆಳಗಿದೆ ಅಂದರೆ ಅದಕ್ಕಿಂತ ಕೆಳಗೆ ಇಳಿಯಲು ಜಾಗವೇ ಇಲ್ಲ, ಅಂದರೆ ಸೊನ್ನೆ. ಬ್ರಿಟನ್ನಿನಲ್ಲಿ ಇದು ಎರಡನೇ ಮಹಾಯುದ್ಧದ ಹೊತ್ತಿಗೆ ಎಲ್ಲರ ಬಾಯಲ್ಲೂ ಇದ್ದ ಮಾತು. ನಾಟ್ ಉದುರಿದ ರೂಪ ಅಮೆರಿಕದ್ದು, ಕಳೆದ ಶತಮಾನದ ನಡುಭಾಗದ ನಂತರ ಅಲ್ಲಿ ಹರಡಿತು. ಅದನ್ನು ಅಕ್ಷರಕ್ಕೆ ಅಕ್ಷರ ಓದಿದರೆ ‘ನನ್ನ ಕಾಳಜಿ ಇನ್ನೂ ಕಡಿಮೆಯಾಗಬಹುದಿತ್ತು’ ಎಂದಾಗುತ್ತದೆ, ಅಂದರೆ ಸ್ವಲ್ಪವಾದರೂ ಕಾಳಜಿ ಉಂಟು ಎಂದು. ಅಮೆರಿಕದಲ್ಲಿ ಯಾರೂ ಹಾಗೆ ಓದುವುದಿಲ್ಲ. ಮೆರಿಯಮ್-ವೆಬ್‌ಸ್ಟರ್ ನಿಘಂಟು ಎರಡು ರೂಪಗಳಿಗೂ ಒಂದೇ ಅರ್ಥ ಕೊಡುತ್ತದೆ.

ನಾಟ್ ಎಲ್ಲಿ ಹೋಯಿತು? ಇದಕ್ಕೆ ಮೂರು ವಿವರಣೆ ಕೊಡುತ್ತಾರೆ. ಒಂದು, ಅದು ಬಾಯಲ್ಲೇ ಕರಗಿತು. ‘ಕುಡಂಟ್ ಕೇರ್’ ಎಂಬಲ್ಲಿ ಡ, ನ, ಟ, ಕ ನಾಲ್ಕು ವ್ಯಂಜನಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಬೇಗ ಹೇಳುವಾಗ ಟಕಾರ ಕೇಳಿಸುವುದಿಲ್ಲ, ನಕಾರ ಮೂಗಿನೊಳಗೆ ಉಳಿಯುತ್ತದೆ, ಕೇಳುವವನಿಗೆ ಸಿಗುವುದು ‘ಕುಡ್ ಕೇರ್’. ಎರಡು, ಅದು ವ್ಯಂಗ್ಯ. ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ 1994ರಲ್ಲಿ ಹೀಗೆ ವಾದಿಸಿದರು: ಎರಡು ಮಾತುಗಳ ರಾಗವೇ ಬೇರೆ, ನಾಟ್ ಇಲ್ಲದ್ದರಲ್ಲಿ ಒತ್ತು ‘ಕೇರ್’ ಮೇಲೆ ಬೀಳುತ್ತದೆ, ಅದು ‘ಹೌದು ಹೌದು, ನನಗೆ ಭಾರೀ ಚಿಂತೆ!’ ಎಂದು ಮೂತಿ ತಿರುಗಿಸುವ ಧಾಟಿ. ಮೂರು, ನುಡಿಗಟ್ಟು ಒಮ್ಮೆ ಗಟ್ಟಿಯಾಯಿತೆಂದರೆ ಅದರ ಒಳಗಿನ ಪದಗಳನ್ನು ಯಾರೂ ಬಿಡಿಯಾಗಿ ಕೂಡಿ ಕಳೆಯುವುದಿಲ್ಲ. ಇಡೀ ಮಾತು ಒಂದೇ ಪದದಂತೆ ತಲೆಯಲ್ಲಿ ಕೂತಿರುತ್ತದೆ, ಒಂದು ತುಂಡು ಉದುರಿದರೂ ಅರ್ಥ ಉಳಿಯುತ್ತದೆ.

ನನ್ನ ಮಟ್ಟಿಗೆ ಮೂರನೆಯದೇ ಮುಖ್ಯ ಕಾರಣ, ಮೊದಲನೆಯದು ಅದಕ್ಕೆ ದಾರಿ ಮಾಡಿಕೊಟ್ಟಿತು. ವ್ಯಂಗ್ಯದ ವಿವರಣೆ ಪೂರ್ತಿ ಸಾಲುವುದಿಲ್ಲ ಅನ್ನಿಸುವುದಕ್ಕೆ ಕಾರಣವಿದೆ. ಅಮೆರಿಕದವರು ಇದನ್ನು ಮೂರನೆಯವರ ಬಗ್ಗೆ, ತಣ್ಣಗಿನ ದನಿಯಲ್ಲಿ, ಉದ್ದ ವಾಕ್ಯದ ನಡುವೆ ಸಿಕ್ಕಿಸಿಯೂ ಹೇಳುತ್ತಾರೆ: ‘ಬಾಡಿಗೆದಾರನಿಗೆ ತೋಟ ಏನಾದರೂ ಹೀ ಕುಡ್ ಕೇರ್ ಲೆಸ್, ಅದಕ್ಕೇ ಹೊಸಬರನ್ನು ಹುಡುಕುತ್ತಿದ್ದೇವೆ’ ಎಂಬ ಹಾಗೆ. ಅಲ್ಲಿ ಅಣಕದ ಸುಳಿವೇ ಇರುವುದಿಲ್ಲ.

ಇದು ವಿಚಿತ್ರ ಅನ್ನಿಸಿದರೆ ಕನ್ನಡದ್ದೇ ಒಂದು ಜೋಡಿ ನೋಡಿ. ‘ಅವನು ಮೂರು ಕಾಸಿನ ಮನುಷ್ಯ’ ಅನ್ನುತ್ತೇವೆ. ‘ಅವನು ಮೂರು ಕಾಸಿಗೂ ಬಾಳದ ಮನುಷ್ಯ’ ಎಂದೂ ಅನ್ನುತ್ತೇವೆ. ಮೊದಲನೆಯದರಲ್ಲಿ ಅವನಿಗೆ ಮೂರು ಕಾಸಿನ ಬೆಲೆ ಇದೆ, ಎರಡನೆಯದರಲ್ಲಿ ಅದೂ ಇಲ್ಲ. ಬೈಗುಳ ಮಾತ್ರ ಒಂದೇ. ಯಾಕೆಂದರೆ ‘ಮೂರು ಕಾಸು’ ಎಂದ ಕೂಡಲೇ ನಾವು ಬೆಲೆಪಟ್ಟಿಯ ತೀರಾ ಕೆಳತುದಿಯನ್ನು ತೋರಿಸಿಯಾಯಿತು. ಅಲ್ಲಿಂದ ಮುಂದೆ ‘ಇದೆ’ ಅಂದರೂ ‘ಇಲ್ಲ’ ಅಂದರೂ ಕೇಳುವವನಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಎರಡನೇ ವಾಕ್ಯದ ‘ಕಾಸಿಗೂ’ ಎಂಬಲ್ಲಿನ ಊಕಾರ ಗಮನಿಸಿ. ಇಲ್ಲ ಎಂಬ ಅರ್ಥ ಬರುವಾಗ ಆ ಊ ಬೇಕೇ ಬೇಕು. ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ‘ಈವನ್’ ಇದೆ, ಆದರೆ ಹೆಚ್ಚಿನ ನುಡಿಗಟ್ಟುಗಳು ಅದನ್ನು ಬಿಟ್ಟೇ ನಡೆಯುತ್ತವೆ.

ಇಂಗ್ಲಿಷಿನಲ್ಲಿ ಈ ಮೂರು ಕಾಸಿನ ಜಾತಿಗೆ ಸೇರಿದ ಮಾತುಗಳು ಹಲವು. ‘ಹೀ ಡಸಂಟ್ ನೋ ಸ್ಕ್ವಾಟ್’ ಅಂದರೆ ಅವನಿಗೆ ಏನೂ ಗೊತ್ತಿಲ್ಲ. ‘ಹೀ ನೋಸ್ ಸ್ಕ್ವಾಟ್’ ಅಂದರೂ ಏನೂ ಗೊತ್ತಿಲ್ಲ. ನಕಾರದ ಬಗ್ಗೆ ಬಹಳ ಬರೆದ ಲಾರೆನ್ಸ್ ಹಾರ್ನ್ ಎಂಬ ವಿದ್ವಾಂಸರು ಈ ‘ಸ್ಕ್ವಾಟ್’ ಗುಂಪಿನ ಪದಗಳನ್ನು ಬಿಡಿಸಿ ನೋಡಿದ್ದಾರೆ. ನಾಟ್ ಜೊತೆ ಬಹಳ ಕಾಲ ಒಡನಾಡಿದ ಪದವೇ ನಾಟ್‌ನ ಅರ್ಥವನ್ನು ಹೀರಿಕೊಳ್ಳುತ್ತದೆ, ಆಮೇಲೆ ನಾಟ್ ಇಲ್ಲದೆಯೂ ಆ ಪದ ಒಂಟಿಯಾಗಿ ‘ಇಲ್ಲ’ ಎಂದು ಹೇಳಬಲ್ಲದು. ‘ಐ ಕುಡಂಟ್ ಗಿವ್ ಎ ಡ್ಯಾಮ್’ ಎಂಬುದರ ಪಕ್ಕದಲ್ಲಿ ‘ಐ ಕುಡ್ ಗಿವ್ ಎ ಡ್ಯಾಮ್’ ಕೇಳಿಬರುವುದೂ ಹೀಗೇ.

ಇದು ಇಂಗ್ಲಿಷರ ಅಸಡ್ಡೆ ಎಂದು ತಿಳಿಯಬಾರದು. ಫ್ರೆಂಚ್ ಭಾಷೆಯಲ್ಲಿ ಇದೇ ಪ್ರಕ್ರಿಯೆ ವ್ಯಾಕರಣವನ್ನೇ ಬದಲಿಸಿದೆ. ಅಲ್ಲಿ ‘ನ’ ಎಂಬ ಸಣ್ಣ ಪದವೇ ಹಿಂದೆ ‘ಇಲ್ಲ’ ಎಂದು ಹೇಳುತ್ತಿತ್ತು. ಅದಕ್ಕೆ ಒತ್ತು ಕೊಡಲು ‘ಪಾ’ ಸೇರಿಸಿದರು. ಪಾ ಅಂದರೆ ಹೆಜ್ಜೆ. ‘ಒಂದು ಹೆಜ್ಜೆಯೂ ನಡೆಯಲಿಲ್ಲ’ ಎನ್ನುವ ಹಾಗೆ. ಬರುತ್ತಾ ಬರುತ್ತಾ ಹೆಜ್ಜೆ ಎಂಬ ಅರ್ಥ ಅಳಿಸಿಹೋಗಿ ಪಾ ತಾನೇ ನಕಾರವಾಯಿತು. ಈಗ ಮಾತಿನಲ್ಲಿ ಮೊದಲಿನ ‘ನ’ವನ್ನು ಬಿಟ್ಟುಬಿಡುತ್ತಾರೆ. ‘ನನಗೆ ಗೊತ್ತಿಲ್ಲ’ ಎನ್ನಲು ‘ಜ ನ ಸೇ ಪಾ’ ಅಂದರೂ ಸರಿ, ‘ಜ ಸೇ ಪಾ’ ಅಂದರೂ ಸರಿ. ಡೆನ್ಮಾರ್ಕಿನ ಓಟೋ ಯೆಸ್ಪರ್ಸನ್ 1917ರಲ್ಲಿ ಈ ಚಕ್ರವನ್ನು ವಿವರಿಸಿದರು, ಭಾಷಾವಿಜ್ಞಾನದಲ್ಲಿ ಅದು ಅವರ ಹೆಸರಲ್ಲೇ ಇದೆ.

ನಮ್ಮ ಕಾಸರಗೋಡಿನವರಿಗೆ ಇದು ಬೇರೆಯವರಿಗಿಂತ ಬೇಗ ಹೊಳೆಯಬೇಕು, ಯಾಕೆಂದರೆ ನಮ್ಮ ಬಾಯಲ್ಲಿ ಸುಳಿಯುವ ಎಲ್ಲಾ ಭಾಷೆಗಳಲ್ಲೂ ಇದರ ನೆಂಟರಿದ್ದಾರೆ. ‘ಹೌದಲ್ಲ!’ ಎಂಬ ಉದ್ಗಾರವನ್ನೇ ತೆಗೆದುಕೊಳ್ಳಿ. ಹೌದು, ಅಲ್ಲ ಎರಡೂ ಒಂದೇ ಉಸಿರಿನಲ್ಲಿವೆ, ಅರ್ಥ ಮಾತ್ರ ‘ಹೌದು’. ‘ಬಸ್ಸು ಬಂತಲ್ಲ’ ಅಂದರೆ ಬಸ್ಸು ಬಂದಿದೆ. ಮಲಯಾಳಂನ ‘ವನ್ನಲ್ಲೋ’ ಕೂಡ ಇದೇ ಅಚ್ಚು. ತುಳುವಿನಲ್ಲಿ ಅತ್ತ್ ಅಂದರೆ ಅಲ್ಲ, ಆದರೆ ಮಾತಿನ ಕೊನೆಗೆ ‘ಅತ್ತಾ?’ ಎಂದು ಸೇರಿಸುವವರು ಬಯಸುವುದು ಹೌದು ಎಂಬ ಉತ್ತರವನ್ನು. ಅಲ್ಲ ಎಂಬುದು ಇಂಥಲ್ಲೆಲ್ಲ ನಕಾರದ ಕೆಲಸ ಬಿಟ್ಟು, ‘ನಿನಗೂ ಗೊತ್ತಿರುವುದೇ’ ಎಂದು ಎದುರಿನವರನ್ನು ಒಪ್ಪಿಸಿಕೊಳ್ಳುವ ಕೆಲಸಕ್ಕೆ ಇಳಿದಿದೆ. ಹಾಗಂತ ಎಲ್ಲ ಕಡೆ ಅದು ಹಲ್ಲು ಕಳೆದುಕೊಂಡಿಲ್ಲ. ‘ಅವನು ಬಂದನಲ್ಲ’ ಅಂದರೆ ಬಂದ. ‘ಅವನು ಬಂದವನಲ್ಲ’ ಅಂದರೆ ಬರಲಿಲ್ಲ. ನಡುವಿನ ಒಂದು ‘ವ’ ಎಲ್ಲವನ್ನೂ ತೀರ್ಮಾನಿಸುತ್ತದೆ. ಕನ್ನಡ ಕಲಿಯುವ ಹೊರಗಿನವರು ಇಲ್ಲಿ ಬೆವರುತ್ತಾರೆ, ನಾವು ಯೋಚನೆಯನ್ನೇ ಮಾಡುವುದಿಲ್ಲ. ಇಂಗ್ಲಿಷಿನವರು ‘ಕುಡ್ ಕೇರ್ ಲೆಸ್’ ವಿಷಯದಲ್ಲಿ ಇರುವುದೂ ಅದೇ ಸ್ಥಿತಿಯಲ್ಲಿ.

ಎರಡನೇ ಗುಂಪು ವಿನಯದ ಮಾತುಗಳದ್ದು. ‘ಲೆಟ್ ಮಿ ಸೀ ಇಫ್ ಐ ಕ್ಯಾನ್ ಫೈಂಡ್ ಇಟ್’ ಅಂದರೆ ಸಿಗುತ್ತದೋ ನೋಡುತ್ತೇನೆ. ‘ಲೆಟ್ ಮಿ ಸೀ ಇಫ್ ಐ ಕಾಂಟ್ ಫೈಂಡ್ ಇಟ್’ ಅಂದರೂ ಅದೇ, ಸಿಕ್ಕೀತು ಎಂಬ ಭರವಸೆ ಸ್ವಲ್ಪ ಹೆಚ್ಚು. ‘ವಿಲ್ ಯೂ ಸಿಟ್ ಡೌನ್’, ‘ವೋಂಟ್ ಯೂ ಸಿಟ್ ಡೌನ್’ ಎರಡೂ ಕೂತುಕೊಳ್ಳಿ ಎಂಬ ಕರೆ. ನಮ್ಮಲ್ಲಿ ‘ಒಳಗೆ ಬನ್ನಿ’ ಮತ್ತು ‘ಒಳಗೆ ಬರಬಾರದಾ?’ ಇದ್ದ ಹಾಗೆ. ಬರಬಾರದು ಎಂದು ಯಾರೂ ಬಾಗಿಲಲ್ಲಿ ತಡೆಯುತ್ತಿಲ್ಲ. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್‌ನಲ್ಲಿ ‘ನನಗೂ ಹಾಗೆಯೇ’ ಎನ್ನಲು ‘ಸೋ ಡು ಐ’ ಬದಲು ‘ಸೋ ಡೋಂಟ್ ಐ’ ಎನ್ನುವ ರೂಢಿ ಉಂಟು. ಅಲ್ಲಿಯವರೊಡನೆ ಕೆಲಸ ಮಾಡುವವರು ತಿಳಿದಿರಲಿ, ಬಳಸುವ ಅಗತ್ಯವಿಲ್ಲ.

ಈ ಗುಂಪಿನಲ್ಲೇ ನಮ್ಮವರು ಅತಿ ಹೆಚ್ಚು ಎಡವುವ ಜಾಗ ಇದೆ: ನಾಟ್ ಇರುವ ಪ್ರಶ್ನೆಗೆ ಉತ್ತರ ಕೊಡುವುದು. ಕುಂಬಳೆ ಬಸ್ ಸ್ಟ್ಯಾಂಡಿನಲ್ಲಿ ‘ಬದಿಯಡ್ಕದ ಬಸ್ಸು ಹೋಗಿಲ್ವಾ?’ ಎಂದು ಕೇಳಿದರೆ ‘ಹೌದು, ಹೋಗಿಲ್ಲ’ ಎಂದೂ ಹೇಳುತ್ತಾರೆ, ‘ಇಲ್ಲ, ಹೋಗಿಲ್ಲ’ ಎಂದೂ ಹೇಳುತ್ತಾರೆ. ಹೌದು ಎಂದವನು ಪ್ರಶ್ನೆ ಕೇಳಿದವನ ಊಹೆಯನ್ನು ಒಪ್ಪಿದ. ಇಲ್ಲ ಎಂದವನು ಬಸ್ಸಿನ ಸಂಗತಿ ಹೇಳಿದ. ಎರಡರಿಂದಲೂ ತಿಳಿಯುವುದು ಬಸ್ಸು ಇನ್ನೂ ಹೋಗಿಲ್ಲ ಎಂದೇ. ಇಂಗ್ಲಿಷಿನಲ್ಲಿ ಮೊದಲನೆಯ ದಾರಿ ಇಲ್ಲ. ಅಲ್ಲಿ ಎಸ್ ಮತ್ತು ನೋ ಹೊಂದಿಕೊಳ್ಳಬೇಕಾದದ್ದು ನಾವು ಕೊಡುವ ಉತ್ತರದ ಜೊತೆಗೆ, ಪ್ರಶ್ನೆಯ ಜೊತೆಗಲ್ಲ. ‘ಹ್ಯಾವ್ ಯೂ ಪೇಯ್ಡ್?’ ಎಂದು ಕೇಳಿದರೂ ‘ಹ್ಯಾವಂಟ್ ಯೂ ಪೇಯ್ಡ್?’ ಎಂದು ಕೇಳಿದರೂ, ಹಣ ಕಟ್ಟಿದ್ದರೆ ಎಸ್, ಕಟ್ಟಿರದಿದ್ದರೆ ನೋ. ಅಂದರೆ ಪ್ರಶ್ನೆಯಲ್ಲಿನ ನಾಟ್ ಉತ್ತರದ ಮಟ್ಟಿಗೆ ಇದ್ದೂ ಇಲ್ಲದ ಹಾಗೆ.

ಕಷ್ಟ ಹೇಗೆ ಬರುತ್ತದೆ ನೋಡಿ. ವಿಮಾನ ನಿಲ್ದಾಣದಲ್ಲಿ ಬ್ಯಾಗು ನೋಡುವವರು ‘ಯೂ ಡೋಂಟ್ ಹ್ಯಾವ್ ಎನಿ ಲಿಕ್ವಿಡ್ಸ್?’ ಎಂದು ಕೇಳುತ್ತಾರೆ. ನಮ್ಮವರು ‘ಹೌದು, ಇಲ್ಲ’ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಬಾಯಲ್ಲಿ ‘ಎಸ್’ ಎಂದಷ್ಟೇ ಹೇಳುತ್ತಾರೆ. ಕೇಳಿದವರಿಗೆ ಅದು ‘ಇದೆ’ ಎಂದು ಕೇಳಿಸಬಹುದು, ಬ್ಯಾಗು ತೆರೆಸುತ್ತಾರೆ. ಫೋನ್ ಇಂಟರ್‌ವ್ಯೂನಲ್ಲಿ ‘ಡೋಂಟ್ ಯೂ ಹ್ಯಾವ್ ಎಕ್ಸ್‌ಪೀರಿಯೆನ್ಸ್ ಇನ್ ಅಕೌಂಟ್ಸ್?’ ಎಂದಾಗ ಅನುಭವ ಇಲ್ಲದವರು ಎಸ್ ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ, ಮುಂದಿನ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ. ಇದಕ್ಕೆ ಅಭ್ಯಾಸದ ಕ್ರಮ ಹೀಗಿದೆ. ಪ್ರಶ್ನೆ ಕೇಳಿದ ಕೂಡಲೇ ಅದರೊಳಗಿನ ನಾಟ್ ಅನ್ನು ಮನಸ್ಸಿನಲ್ಲೇ ಅಳಿಸಿಬಿಡಿ. ಉಳಿದದ್ದಕ್ಕೆ ಸತ್ಯ ಏನು ಎಂದು ನೋಡಿ. ಆಮೇಲೆ ಬಾಲ ಸೇರಿಸಿ ಉತ್ತರಿಸಿ: ‘ನೋ, ಐ ಡೋಂಟ್’ ಅಥವಾ ‘ಎಸ್, ಐ ಡು’. ಬರೀ ಎಸ್, ಬರೀ ನೋ ಹೇಳಲೇಬೇಡಿ. ಬಾಲ ಇದ್ದರೆ ಮೊದಲ ಪದ ತಪ್ಪಿದರೂ ಅರ್ಥ ಉಳಿಯುತ್ತದೆ.

ಇದರ ಪಕ್ಕದಲ್ಲೇ ‘ಡು ಯೂ ಮೈಂಡ್ ಇಫ್ ಐ ಸಿಟ್ ಹಿಯರ್?’ ಎಂಬ ಪ್ರಶ್ನೆ ಇದೆ. ಮೈಂಡ್ ಅಂದರೆ ಇಲ್ಲಿ ಬೇಸರವಾಗುವುದು, ಅಡ್ಡಿ ಅನ್ನಿಸುವುದು. ಆದ್ದರಿಂದ ಪುಸ್ತಕದ ಪ್ರಕಾರ ‘ನೋ, ನಾಟ್ ಅಟ್ ಆಲ್’ ಅಂದರೆ ಕೂರಬಹುದು. ಆದರೆ ಇಂಗ್ಲಿಷ್ ಮಾತೃಭಾಷೆಯವರೇ ‘ಯಾ, ಶೂರ್, ಗೋ ಅಹೆಡ್’ ಎಂದೂ ಹೇಳುತ್ತಾರೆ. ಎಸ್ ಕೂಡ ಅನುಮತಿ, ನೋ ಕೂಡ ಅನುಮತಿ. ಅವರು ಪದಕ್ಕೆ ಉತ್ತರ ಕೊಡುತ್ತಿಲ್ಲ, ಕೇಳಿಕೆಗೆ ಕೊಡುತ್ತಿದ್ದಾರೆ. ನೀವು ಹೇಳುವಾಗ ‘ಪ್ಲೀಸ್ ಡು’ ಅಥವಾ ‘ಗೋ ಅಹೆಡ್’ ಎಂದು ಮುಗಿಸಿದರೆ ಗೊಂದಲಕ್ಕೆ ಜಾಗವೇ ಇರುವುದಿಲ್ಲ.

ಮೂರನೇ ಗುಂಪಿನಲ್ಲಿ ಕ್ರಿಯಾಪದದ ಒಳಗೇ ಅಡಗಿದ ‘ಇಲ್ಲ’ ಹೊರಗೆ ಸೋರಿ ನಾಟ್ ಆಗುತ್ತದೆ. ತಡವಾಗಿ ಬಂದು ಬಸ್ ತಪ್ಪಿಸಿಕೊಂಡವನಿಗೆ ‘ದಟ್ ವಿಲ್ ಟೀಚ್ ಯೂ ಟು ಬಿ ಲೇಟ್’ ಎನ್ನುತ್ತಾರೆ, ‘ಟೀಚ್ ಯೂ ನಾಟ್ ಟು ಬಿ ಲೇಟ್’ ಎಂದೂ ಎನ್ನುತ್ತಾರೆ. ನಾವು ‘ತಡ ಮಾಡಿದ್ದಕ್ಕೆ ಸರಿಯಾದ ಪಾಠ’ ಅನ್ನುವಾಗಲೂ ತಡ ಮಾಡುವುದನ್ನು ಕಲಿಸಿತು ಎಂದು ಯಾರೂ ತಿಳಿಯುವುದಿಲ್ಲ. ‘ಐ ಮಿಸ್ ಸೀಯಿಂಗ್ ಯೂ’, ‘ಐ ಮಿಸ್ ನಾಟ್ ಸೀಯಿಂಗ್ ಯೂ’ ಎರಡೂ ನಿನ್ನನ್ನು ಕಾಣದೆ ಬೇಸರ ಎಂದೇ. ಮಿಸ್ ಎಂಬುದರಲ್ಲೇ ‘ಇಲ್ಲದಿರುವುದು’ ಕೂತಿದೆ, ಹೇಳುವವರು ಅದನ್ನು ಇನ್ನೊಮ್ಮೆ ಬಾಯಿಬಿಟ್ಟು ಹೇಳುತ್ತಾರೆ ಅಷ್ಟೇ. ಫ್ರೆಂಚರು ‘ಅವನು ಬಂದಾನೆಂದು ಭಯ’ ಎನ್ನುವಾಗ ನಡುವೆ ಅರ್ಥವಿಲ್ಲದ ಒಂದು ‘ನ’ ಸೇರಿಸುವುದು ಶಿಷ್ಟ ಬರಹದ ಲಕ್ಷಣ. ಬರಬಾರದು ಎಂಬ ಆಸೆ ಭಯದೊಳಗೆ ಇದೆಯಲ್ಲ, ಅದು ‘ನ’ ಆಗಿ ಹೊರಬರುತ್ತದೆ.

ಕನ್ನಡದಲ್ಲೂ ಹೀಗಾಗುತ್ತದೆ. ‘ಹಣ ಬರುವವರೆಗೆ ಕೆಲಸ ಶುರುವಿಲ್ಲ’ ಎನ್ನಬಹುದು. ‘ಎಲ್ಲಿಯವರೆಗೆ ಹಣ ಬರುವುದಿಲ್ಲವೋ ಅಲ್ಲಿಯವರೆಗೆ ಕೆಲಸ ಶುರುವಿಲ್ಲ’ ಎಂದರೂ ಮಾತು ಅದೇ. ಕನ್ನಡದಲ್ಲಿ ಎರಡೂ ಸಲ್ಲುತ್ತವೆ. ಆದರೆ ಎರಡನೆಯದನ್ನು ಹಾಗೇ ಇಂಗ್ಲಿಷಿಗೆ ಇಳಿಸಿದಾಗ ‘ಅಂಟಿಲ್ ದ ಮನಿ ಡಸಂಟ್ ಕಮ್’ ಎಂಬ ತಪ್ಪು ಹುಟ್ಟುತ್ತದೆ. ಅಂಟಿಲ್ ಜೊತೆ ನಾಟ್ ಬೇಡ. ‘ಅನ್‌ಲೆಸ್’ ಇನ್ನೂ ಕಟ್ಟುನಿಟ್ಟು. ಅನ್‌ಲೆಸ್ ಅಂದರೆ ‘ಇಫ್ ನಾಟ್’, ನಕಾರ ಅದರ ಹೊಟ್ಟೆಯಲ್ಲೇ ಇದೆ. ‘ಓದದಿದ್ದರೆ ಫೇಲಾಗುತ್ತೀ’ ಎಂಬುದಕ್ಕೆ ‘ಅನ್‌ಲೆಸ್ ಯೂ ಸ್ಟಡಿ’ ಸಾಕು. ‘ಅನ್‌ಲೆಸ್ ಯೂ ಡೋಂಟ್ ಸ್ಟಡಿ’ ಎಂದು ಬರೆಯುವುದಕ್ಕೆ ಕಾರಣ ‘ಓದದಿದ್ದರೆ’ ಎಂಬಲ್ಲಿನ ದಕಾರ. ಆ ನಕಾರವನ್ನು ಅನ್‌ಲೆಸ್ ಆಗಲೇ ಹೊತ್ತಿದೆ ಎಂಬುದು ಮರೆತು ಇನ್ನೊಮ್ಮೆ ಡೋಂಟ್ ಹಾಕುತ್ತೇವೆ. ತಪ್ಪು ಗುರುತಿಸುವ ಪ್ರಶ್ನೆಗಳಲ್ಲಿ ಇದು ಹಳೆಯ ಗಿರಾಕಿ.

ಪರೀಕ್ಷೆಯ ಮಾತು ಬಂದದ್ದರಿಂದ ಕ್ವೆಶ್ಚನ್ ಟ್ಯಾಗ್, ಅಂದರೆ ವಾಕ್ಯದ ಕೊನೆಗೆ ಅಂಟಿಸುವ ಕಿರುಪ್ರಶ್ನೆಯ ವಿಷಯ ಇಲ್ಲೇ ಹೇಳುತ್ತೇನೆ. ಹಾರ್ಡ್‌ಲಿ, ಸ್ಕೇರ್ಸ್‌ಲಿ, ಸೆಲ್ಡಮ್, ನೆವರ್, ಫ್ಯೂ, ಲಿಟಲ್, ಇವು ನಾಟ್ ಇಲ್ಲದಿದ್ದರೂ ನಕಾರದ ಪದಗಳು. ‘ಹೀ ಹಾರ್ಡ್‌ಲಿ ಕಮ್ಸ್ ಹಿಯರ್’ ಎಂಬುದಕ್ಕೆ ಟ್ಯಾಗ್ ‘ಡಸ್ ಹೀ?’, ‘ಡಸಂಟ್ ಹೀ?’ ಅಲ್ಲ. ಆದರೆ ‘ಎ ಫ್ಯೂ’, ‘ಎ ಲಿಟಲ್’ ಎಂದು ಮುಂದೆ ಎ ಬಂದರೆ ಅವು ಹೌದಿನ ಪಕ್ಷಕ್ಕೆ ಸೇರುತ್ತವೆ. ‘ಫ್ಯೂ ಪೀಪಲ್ ಕೇಮ್, ಡಿಡ್ ದೇ?’, ‘ಎ ಫ್ಯೂ ಪೀಪಲ್ ಕೇಮ್, ಡಿಡಂಟ್ ದೇ?’ ಇನ್ನು ‘ಐ ಕಾಂಟ್ ಹಾರ್ಡ್‌ಲಿ ವೇಟ್’, ‘ಐ ಡೋಂಟ್ ಹ್ಯಾವ್ ನೋ ಮನಿ’ ಮುಂತಾದ ಜೋಡಿ ನಕಾರಗಳು ಆಡುಮಾತಿನಲ್ಲಿ ಒಂದೇ ನಕಾರದ ಅರ್ಥ ಕೊಡುತ್ತವೆ. ಹಳೆಯ ಇಂಗ್ಲಿಷಿನಲ್ಲಿ ಅದೇ ಸಹಜವಾಗಿತ್ತು. ಎರಡು ನಕಾರ ಸೇರಿದರೆ ಹೌದಾಗುತ್ತದೆ ಎಂಬ ನಿಯಮವನ್ನು 18ನೇ ಶತಮಾನದ ರಾಬರ್ಟ್ ಲೌತ್ ಮೊದಲಾದ ವ್ಯಾಕರಣಕಾರರು ಗಟ್ಟಿ ಮಾಡಿದರು. ಪರೀಕ್ಷೆಯಲ್ಲಿ ಆ ನಿಯಮವೇ ನಡೆಯುವುದು, ಅಲ್ಲಿ ವಾದಿಸಿ ಫಲವಿಲ್ಲ.

ನಾಲ್ಕನೆಯದು ಪದದ ಮುಂದೆ ಅಂಟುವ ಇನ್, ಅನ್, ಡಿ. ಇದರಲ್ಲಿ ಒಂದು ಜೋಡಿ ಮಾತ್ರ ಜೀವಕ್ಕೆ ಸಂಬಂಧಿಸಿದ್ದು. ಮಂಗಳೂರಿನಿಂದ ತಲಪಾಡಿ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತೆಂಕಲಿಗೆ ಹೋಗುವ ಟ್ಯಾಂಕರುಗಳ ಹಿಂಭಾಗ ಓದಿ. ಕೆಲವದರ ಮೇಲೆ ‘ಹೈಲಿ ಇನ್‌ಫ್ಲೇಮಬಲ್’, ಕೆಲವದರ ಮೇಲೆ ‘ಫ್ಲೇಮಬಲ್’ ಎಂದಿರುತ್ತದೆ. ಎರಡೂ ಬೆಂಕಿ ಹಿಡಿಯುವಂಥವೇ. ಇನ್‌ಫ್ಲೇಮಬಲ್‌ನ ಇನ್ ನಕಾರದ್ದಲ್ಲ, ಹೊತ್ತಿಸು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದ ಭಾಗ. ಅದನ್ನು ‘ಬೆಂಕಿ ಹಿಡಿಯದ್ದು’ ಎಂದು ಓದುವ ಅಪಾಯ ಇದ್ದುದರಿಂದಲೇ ಅಮೆರಿಕದ ಅಗ್ನಿಸುರಕ್ಷಾ ಸಂಸ್ಥೆ 1920ರ ದಶಕದಲ್ಲಿ ಫ್ಲೇಮಬಲ್ ಎಂಬುದನ್ನೇ ಬಳಸಿ ಎಂದು ಒತ್ತಾಯಿಸಿತು. ನಿಜಕ್ಕೂ ಬೆಂಕಿ ಹಿಡಿಯದ್ದಕ್ಕೆ ‘ನಾನ್-ಫ್ಲೇಮಬಲ್’ ಎಂದಿರುತ್ತದೆ. ಗೋದಾಮು, ವರ್ಕ್‌ಶಾಪುಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಾಯಿಬಿಟ್ಟು ಹೇಳಿಕೊಡಬೇಕು.

ಉಳಿದವು ಬೇಗ ಮುಗಿಯುತ್ತವೆ. ಬೋನ್, ಡಿಬೋನ್ ಎರಡೂ ಮಾಂಸದಿಂದ ಮೂಳೆ ತೆಗೆಯುವುದೇ. ರಾವೆಲ್, ಅನ್‌ರಾವೆಲ್ ಎರಡೂ ನೂಲು ಬಿಚ್ಚಿಕೊಳ್ಳುವುದು. ವ್ಯಾಲ್ಯುಯಬಲ್, ಇನ್‌ವ್ಯಾಲ್ಯುಯಬಲ್ ಎರಡೂ ಬೆಲೆಯುಳ್ಳವು, ನಮ್ಮ ಬಹುಮೂಲ್ಯ ಮತ್ತು ಅಮೂಲ್ಯದಂತೆ. ‘ರಿಗಾರ್ಡ್‌ಲೆಸ್’ ಇದ್ದಾಗ ‘ಇರ್‌ರಿಗಾರ್ಡ್‌ಲೆಸ್’ ಬೇಡ. ಅದು 1934ರಲ್ಲೇ ಮೆರಿಯಮ್-ವೆಬ್‌ಸ್ಟರ್ ಸೇರಿದೆ ನಿಜ, ಆದರೆ ಓದುವವರು ಬರೆದವರ ಬಗ್ಗೆ ಕೀಳಾಗಿ ಎಣಿಸುತ್ತಾರೆ.

ಇನ್ನು ನಾಟ್ ಅರ್ಥ ತಿರುಗಿಸಿಬಿಡುವ, ಆದರೆ ತಿರುಗಿಸಿದ್ದು ಓದುವವರಿಗೂ ಬರೆದವರಿಗೂ ಗೊತ್ತಾಗದ ವಾಕ್ಯಗಳು. ಇವೇ ನಿಜವಾಗಿ ಹೆದರಬೇಕಾದವು. ಪೀಟರ್ ವೇಸನ್ ಮತ್ತು ಶೂಲಿ ರೈಕ್ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಒಂದು ವಾಕ್ಯದ ಬಗ್ಗೆ ಬರೆದರು: ‘ನೋ ಹೆಡ್ ಇಂಜುರಿ ಈಸ್ ಟೂ ಟ್ರಿವಿಯಲ್ ಟು ಬಿ ಇಗ್ನೋರ್ಡ್’. ಓದಿದವರೆಲ್ಲ ‘ತಲೆಗೆ ಎಷ್ಟೇ ಸಣ್ಣ ಪೆಟ್ಟಾದರೂ ಅಲಕ್ಷ್ಯ ಮಾಡಬಾರದು’ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ವಾಕ್ಯ ಹೇಳುತ್ತಿರುವುದು ಅದಲ್ಲ. ಇದೇ ಅಚ್ಚಿನ ಸುಲಭ ವಾಕ್ಯ ಇಟ್ಟು ನೋಡಿ: ‘ನೋ ಹಿಲ್ ಈಸ್ ಟೂ ಹೈ ಟು ಕ್ಲೈಂಬ್’. ಅಂದರೆ ಎಷ್ಟೇ ಎತ್ತರದ ಗುಡ್ಡವಾದರೂ ಹತ್ತಬಹುದು. ಅದೇ ಅಚ್ಚಿನಲ್ಲಿ ಗುಡ್ಡದ ಬದಲು ತಲೆಪೆಟ್ಟು, ಎತ್ತರದ ಬದಲು ಸಣ್ಣದು, ಹತ್ತುವುದರ ಬದಲು ಅಲಕ್ಷ್ಯ ಮಾಡುವುದು ಎಂದು ತುಂಬಿ. ‘ಎಷ್ಟೇ ಸಣ್ಣ ಪೆಟ್ಟಾದರೂ ಅಲಕ್ಷ್ಯ ಮಾಡಬಹುದು’ ಎಂದು ಬರುತ್ತದೆ. ನೋ ಒಂದು ನಕಾರ, ಟೂ ಒಂದು, ಇಗ್ನೋರ್ ಒಂದು. ಮೂರು ನಕಾರ ಒಟ್ಟಿಗೆ ಬಂದಾಗ ಮನಸ್ಸು ಲೆಕ್ಕ ಮಾಡುವುದನ್ನು ಬಿಟ್ಟು, ಲೋಕದಲ್ಲಿ ಯಾವುದು ಸರಿಯೋ ಅದನ್ನೇ ವಾಕ್ಯಕ್ಕೂ ಹಚ್ಚುತ್ತದೆ.

ಆರೋಗ್ಯ ಶಿಬಿರದ ಪೋಸ್ಟರುಗಳನ್ನು ಮಲಯಾಳಂ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆಯುವ ಊರು ನಮ್ಮದು. ಇಂಥ ವಾಕ್ಯ ಅನುವಾದಕ್ಕೆ ಬಂದರೆ ಪದ ಎಣಿಸಿ ಅನುವಾದಿಸಬೇಡಿ, ಉದ್ದೇಶ ಕೇಳಿ ಬರೆಯಿರಿ. ಇಂಗ್ಲಿಷಿನಲ್ಲಿ ನೀವೇ ಬರೆಯುವುದಾದರೆ ನಕಾರವನ್ನು ಒಂದಕ್ಕೆ ಇಳಿಸಿ: ‘ಡು ನಾಟ್ ಇಗ್ನೋರ್ ಎನಿ ಹೆಡ್ ಇಂಜುರಿ, ಹೌಎವರ್ ಸ್ಮಾಲ್’.

ಇದೇ ಜಾತಿಯ ಇನ್ನೊಂದು ಬಲೆ ‘ಕೆನಾಟ್ ಬಿ ಓವರ್‌ಎಸ್ಟಿಮೇಟೆಡ್’ ಮತ್ತು ‘ಕೆನಾಟ್ ಬಿ ಅಂಡರ್‌ಎಸ್ಟಿಮೇಟೆಡ್’. ನಮ್ಮ ಜಿಲ್ಲೆಯ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪರವಾಗಿ ಇಂಗ್ಲಿಷಿನಲ್ಲಿ ಮನವಿ ಬರೆಯುವವರನ್ನು ನೆನೆದು ಇದನ್ನು ವಿವರವಾಗಿ ಹೇಳುತ್ತೇನೆ. ‘ದೇರ್ ಸಫರಿಂಗ್ ಕೆನಾಟ್ ಬಿ ಓವರ್‌ಎಸ್ಟಿಮೇಟೆಡ್’ ಅಂದರೆ ಅವರ ಸಂಕಟವನ್ನು ಎಷ್ಟು ಹೆಚ್ಚಾಗಿ ಅಂದಾಜಿಸಿದರೂ ಅದು ಹೆಚ್ಚಾಗುವುದಿಲ್ಲ, ಅಷ್ಟು ದೊಡ್ಡದು. ‘ಅಂಡರ್‌ಎಸ್ಟಿಮೇಟೆಡ್’ ಎಂದು ಬರೆದರೆ ಕಟ್ಟುನಿಟ್ಟಿನ ಅರ್ಥದಲ್ಲಿ, ಎಷ್ಟು ಕಡಿಮೆ ಎಣಿಸಿದರೂ ತೀರಾ ಕಡಿಮೆಯಾಗದಷ್ಟು ಅದು ಅಲ್ಪ. ಪತ್ರಿಕೆಗಳಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವುದನ್ನು ಕಾಣುತ್ತೇವೆ, ಕೆನಾಟ್ ಅನ್ನು ಅಲ್ಲಿ ‘ಮಾಡಕೂಡದು’ ಎಂದು ಓದಿಕೊಂಡರೆ ಅದೂ ಹೊಂದುತ್ತದೆ. ಆದರೆ ಸರಕಾರಕ್ಕೋ ನ್ಯಾಯಾಲಯಕ್ಕೋ ಹೋಗುವ ಕಾಗದದಲ್ಲಿ ಇಬ್ಬಗೆಯ ಓದಿಗೆ ಅವಕಾಶ ಕೊಡಬಾರದು. ಕೆನಾಟ್ ತೆಗೆದು ‘ಮಸ್ಟ್ ನಾಟ್ ಬಿ ಅಂಡರ್‌ಎಸ್ಟಿಮೇಟೆಡ್’ ಎಂದು ಹಾಕಿ. ಆಗ ಒಂದೇ ಅರ್ಥ. ಕನ್ನಡದಲ್ಲಿ ಈ ತೊಡಕು ಇಲ್ಲ, ‘ಎಷ್ಟು ಹೇಳಿದರೂ ಕಡಿಮೆಯೇ’ ಎಂಬುದು ಯಾರಿಗೂ ತಪ್ಪಾಗಿ ಕೇಳಿಸುವುದಿಲ್ಲ.

‘ನಿಯರ್‌ಲಿ ಮಿಸ್ಡ್’ ಕೂಡ ನೆನಪಿರಲಿ. ‘ಐ ನಿಯರ್‌ಲಿ ಮಿಸ್ಡ್ ದ ಟ್ರೇನ್’ ಎಂದವನಿಗೆ ರೈಲು ಸಿಕ್ಕಿದೆ. ಆದರೆ ಅಪಘಾತದ ಸುದ್ದಿಯಲ್ಲಿ ‘ನಿಯರ್ ಮಿಸ್’ ಎಂದರೆ ಡಿಕ್ಕಿ ಆಗಿಲ್ಲ, ಸ್ವಲ್ಪದರಲ್ಲಿ ತಪ್ಪಿತು. ಸುದ್ದಿ ಅನುವಾದಿಸುವವರು ಈ ಎರಡನ್ನು ಬೆರೆಸಿದರೆ ಆಗದ ಅಪಘಾತ ಆದಂತೆ ಅಚ್ಚಾಗುತ್ತದೆ.

ಕೊನೆಗೆ, ‘ಕುಡ್ ಕೇರ್ ಲೆಸ್’ ಕನ್ನಡಕ್ಕೆ ಹೇಗೆ ಎಂದು ಸಬ್‌ಟೈಟಲ್ ಮಾಡುವವರು ಕೇಳುತ್ತಾರೆ. ಕುಡ್ ಇದೆಯೋ ಕುಡಂಟ್ ಇದೆಯೋ ನೋಡಬೇಡಿ, ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡಿ. ಸಿಟ್ಟಿನಲ್ಲಿ ಎದುರಿಗೇ ಹೇಳುವುದಾದರೆ ‘ಅದರಿಂದ ನನಗೆಂತ?’ ಸಾಕು, ಅದರಲ್ಲೂ ಇಲ್ಲ ಎಂಬ ಪದ ಇಲ್ಲದೆಯೇ ಇಲ್ಲ ಎಂಬ ಅರ್ಥ ಇದೆ. ಮೂರನೆಯವರ ಬಗ್ಗೆ ಹೇಳುವುದಾದರೆ ‘ಅವನು ಕ್ಯಾರೇ ಅನ್ನುವುದಿಲ್ಲ’. ವಯಸ್ಸಾದವರ ಬಾಯಲ್ಲಿ, ತಣ್ಣಗೆ, ‘ಅದರ ಗೊಡವೆ ನಮಗೆ ಬೇಡ ಮಾರಾಯ’. ಪರದೆಯಲ್ಲಿ ಒಂದು ಸಾಲಿಗೆ ಜಾಗ ಕಡಿಮೆ ಇದ್ದರೆ ‘ಏನಾದರೂ ಆಗಲಿ’ ಎಂಬುದು ಹೆಚ್ಚಿನ ಕಡೆ ಹೊಂದುತ್ತದೆ. ‘ನಾನು ಇನ್ನೂ ಕಡಿಮೆ ಕಾಳಜಿ ವಹಿಸಲಾರೆ’ ಎಂದು ಮಾತ್ರ ಬರೆಯಬೇಡಿ.